ಅತ್ತೆಯ ಹೋಂಸ್ಟೇಗೊಂದು ತಿಂಡಿ ಪಟ್ಟಿ

ಶಿರಸಿಯಿಂದ ಸಹಸ್ರಲಿಂಗದ ಕಡೆ ಹೋಗುವಾಗ ಅಡಿಕೆ ತೋಟಗಳ ನಡುವೆ ಸಿಗೋ ಊರೊಂದರಲ್ಲಿ ನಮ್ಮ ಸೋದರತ್ತೆಯ ಮನೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಖಾಲಿ ಬಿದ್ದಿದ್ದ ಮೂರು ರೂಮುಗಳು ಈಗ ಹೋಂಸ್ಟೇ. ಕಂಪ್ಯೂಟರ್ ಕೆಲಸದವನು ಅಂತ ಮೆನು ಟೈಪ್ ಮಾಡೋ ಜವಾಬ್ದಾರಿ ನನಗೆ ಬಂತು.

ಅತ್ತೆ ಬರೆದಿಟ್ಟಿದ್ದ ಪಟ್ಟಿಯಲ್ಲಿ ಇಡ್ಲಿ-ವಡೆ, ಪೂರಿ, ಪಲಾವ್, ಮಸಾಲೆ ದೋಸೆ, ಕಾರ್ನ್‌ಫ್ಲೇಕ್ಸ್ ಅಂತೆಲ್ಲ 14 ತಿಂಡಿ. ತೆಳ್ಳೇವು ಮಾತ್ರ ಇಲ್ಲ! ಕೇಳಿದ್ದಕ್ಕೆ, "ಅದು ನಂಗ ದಿನಾ ತಿಂಬದಲ್ದನಾ ತಮಾ, ದುಡ್ಡು ಕೊಟ್ಟು ಬಂದವ್ಕೆ ಅದನ್ನ ಕೊಡದ?" ಅಂದ್ರು.

ಬೆಂಗಳೂರಿಂದ ರಾತ್ರಿ ಬಸ್ ಹತ್ತಿ ಬರೋರಿಗೆ ಮಸಾಲೆ ದೋಸೆ ಅವರ ಮನೆ ಪಕ್ಕದಲ್ಲೇ ಸಿಗುತ್ತೆ. ಮೊಗೆಕಾಯಿ ತೆಳ್ಳೇವು, ಮೇಲೆ ತುಪ್ಪ, ಪಕ್ಕದಲ್ಲಿ ಜೋನಿ ಬೆಲ್ಲ, ಬಾಯಿ ಖಾರ ಮಾಡ್ಕೊಳ್ಳೋಕೆ ಅಪ್ಪೆಮಿಡಿ ಉಪ್ಪಿನಕಾಯಿ – ಇದು ಎಲ್ಲಿ ಸಿಗುತ್ತೆ ಹೇಳಿ?

ರುಚಿಗಿಂತ ನನಗೆ ಚಿಂತೆ ಇದ್ದದ್ದು ಅತ್ತೆಯ ಬೆನ್ನಿಂದು. ಅಡುಗೆಮನೆಯಲ್ಲಿ ಅವರೊಬ್ಬರೇ, ಈಗಲೇ ನಾಲ್ಕೂವರೆಗೆ ಏಳ್ತಾರೆ. ಇಡ್ಲಿ ಹಿಟ್ಟನ್ನ ಹಿಂದಿನ ಸಂಜೆಯೇ ರುಬ್ಬಬೇಕು, ಮಳೆಗಾಲದ ಥಂಡಿಗೆ ಅದು ಉಬ್ಬೋದೇ ಕಷ್ಟ. ಆರು ಜನ ಅಂತ ಹೇಳಿ ಇಬ್ಬರೇ ಬಂದರೆ, ಮಾವನಿಗೆ ಮೂರು ದಿನ ಇಡ್ಲಿಯೇ ಗತಿ. ತೆಳ್ಳೇವಿಗೆ ಹುಳಿ ಬರಿಸೋ ರಗಳೆ ಇಲ್ಲ. ಅಕ್ಕಿ ನೆನೆಸಿಟ್ಟು, ಬೆಳಿಗ್ಗೆ ಎದ್ದವರ ತಲೆ ಎಣಿಸಿ, ಮೊಗೆಕಾಯಿ ಸೇರಿಸಿ ರುಬ್ಬಿದರಾಯ್ತು. ಮೊಗೆಕಾಯಿ ಅಂದ್ರೆ ನೀವು ಮಂಗಳೂರು ಸೌತೆ ಅಂತೀರಲ್ಲ, ಅದೇ.

ತೊಂದರೆ ಇರೋದು ಕಾವಲಿಯಲ್ಲಿ. ಆರು ಜನಕ್ಕೆ ನಾಲ್ಕರಂತೆ 24, ಒಂದಕ್ಕೆ ಎರಡು ನಿಮಿಷ ಅಂದ್ರೂ 48 ನಿಮಿಷ. ಯಾಣಕ್ಕೆ ಹೊರಡೋರು ಎಂಟಕ್ಕೆಲ್ಲ ಶೂ ಹಾಕ್ಕೊಂಡು ಜಗಲಿಯಲ್ಲಿ ಕೂತಿರ್ತಾರೆ. ಹಾಗಾಗಿ ಎರಡು ಕಾವಲಿ, ಜೊತೆಗೆ ಬಂದ ಕೂಡಲೇ ಬಡಿಸೋಕೆ ಏನಾದ್ರೂ ಒಂದು. ಹಲಸಿನ ಕಾಲದಲ್ಲಿ ಬಾಳೆಎಲೆಯಲ್ಲಿ ಬೇಯಿಸಿದ ಹಣ್ಣಿನ ಕಡುಬು, ಮುಂಚೆಯೇ ಆಗಿರುತ್ತೆ. ಉಳಿದ ದಿನ ಕಾಯಿತುರಿ ಹಾಕಿ ಕಲಸಿದ ತೆಳು ಅವಲಕ್ಕಿ, ತೋಟದ ಬಾಳೆಹಣ್ಣು. ಅದು ತಿನ್ನೋ ಹೊತ್ತಿಗೆ ಮೊದಲ ತೆಳ್ಳೇವು ಎದ್ದಿರುತ್ತೆ. ಎಷ್ಟೊತ್ತಿಗೆ ಹೊರಡ್ತೀರಿ, ಸಕ್ಕರೆ ಕಾಯಿಲೆ ಯಾರಿಗಾದ್ರೂ ಇದೆಯಾ ಅಂತ ರಾತ್ರಿ ಊಟದ ಹೊತ್ತಿಗೇ ಮಾವ ಕೇಳಿಟ್ಟುಕೊಳ್ಳೋದು ಅಂತ ಆಯ್ತು.

ಬ್ರೆಡ್ ಟೋಸ್ಟ್ ಮಾತ್ರ ಅತ್ತೆ ಬಿಟ್ಟುಕೊಡಲಿಲ್ಲ, ಹಟ ಮಾಡೋ ಮಕ್ಕಳಿಗೆ ಬೇಕಂತೆ. ಇರಲಿ ಅಂದೆ. ಒಟ್ಟು ಐದು ಸಾಲಿನ ಮೆನು, ಗೋಡೆಗೆ ಅಂಟಿಸಿ ಬಂದೆ.

ಕಳೆದ ವಾರ ಹುಬ್ಬಳ್ಳಿಯಿಂದ ಬಂದಿದ್ದ ಕುಟುಂಬ ಹೊರಡುವಾಗ ಜೋನಿ ಬೆಲ್ಲ ಒಂದು ಬಾಟಲಿ ಕೇಳಿ ತಗೊಂಡು ಹೋದರಂತೆ. ಅದಕ್ಕೆ ದುಡ್ಡು ತಗೋಬೇಕಿತ್ತಾ, ಬೇಡವಾ ಅಂತ ಅತ್ತೆ-ಮಾವನ ವಾದ ಫೋನಿನಲ್ಲಿ ನಿನ್ನೆಯೂ ನಡೀತಿತ್ತು.