ನಾಲ್ಕು ಕವಡೆ, ಇಪ್ಪತ್ತೈದು ಮನೆ

ಚೌಕಾಬಾರ ಆಡಲು ಅಂಗಡಿಗೆ ಹೋಗಬೇಕಾಗಿಲ್ಲ. ಒಂದು ಸೀಮೆಸುಣ್ಣ ಇಲ್ಲವೇ ಇದ್ದಿಲ ಚೂರು, 4 ಕವಡೆ, 16 ಕಾಯಿ ಇದ್ದರೆ ಸಾಕು. ಕವಡೆ ಇಲ್ಲದ ಮನೆಗಳಲ್ಲಿ ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲನ್ನು ಬಿಳಿ ಮಾಡಿಕೊಳ್ಳುತ್ತಾರೆ. ಕಾಯಿಗಳಿಗೆ ಬಳೆ ಚೂರು, ಕಡಲೆ, ಬೆಣಚುಕಲ್ಲು, ಒಬ್ಬೊಬ್ಬರದು ಒಂದೊಂದು ಬಗೆಯಾದರಾಯಿತು. ಆದರೆ ಯಾವ ಅಂಗಡಿಯಲ್ಲೂ ಸಿಗದ ಸಾಮಗ್ರಿಯೊಂದು ಬೇಕು. ಒಂದು ಗಂಟೆ ಎದ್ದು ಹೋಗದೆ ನೆಲದ ಮೇಲೆ ಕೂರುವ ನಾಲ್ಕು ಜನ! ಈಗ ನಮ್ಮ ಮನೆಗಳಲ್ಲಿ ಕೊರತೆಯಾಗಿರುವುದು ಅದೇ.

ಹಳೆ ಮೈಸೂರು ಸೀಮೆಯ ನಮ್ಮ ಊರಿನಲ್ಲಿ ಈ ಆಟವನ್ನು ನಮಗೆ ಕಲಿಸಿದವರು ದಾದಿಮಾ. ಉರ್ದು ಶಾಲೆಯ ಕಿವಿಗೆ ‘ಬಾರಾ’ ಎಂದರೆ ಹನ್ನೆರಡು. ಆಟದಲ್ಲಿ ಬಾರ ಎಂದರೆ ಎಂಟು. “ಇದು ಹೇಗೆ ದಾದಿಮಾ?” ಎಂದು ಕೇಳಿದರೆ, “ಅದು ಶಾಲೆಯ ಲೆಕ್ಕ, ಇದು ಪಡಸಾಲೆಯ ಲೆಕ್ಕ. ಸುಮ್ಮನೆ ಕವಡೆ ಹಾಕು ಬೇಟಾ” ಎನ್ನುತ್ತಿದ್ದರು.

ಆಟ ಹೀಗೆ. ಐದಕ್ಕೆ ಐದರಂತೆ 25 ಮನೆಗಳ ಚೌಕ ಬರೆಯಬೇಕು. ನಾಲ್ಕೂ ಬದಿಯ ನಡುಮನೆಗೆ ಮತ್ತು ಚೌಕದ ನಟ್ಟನಡುವಿನ ಮನೆಗೆ ಅಡ್ಡಗೆರೆ ಎಳೆದು ಗುರುತು ಮಾಡಬೇಕು. ಬದಿಯ ನಡುಮನೆ ಆ ಬದಿಯಲ್ಲಿ ಕುಳಿತವರ ಸ್ವಂತ ಮನೆ. ಅವರ ನಾಲ್ಕು ಕಾಯಿಗಳು ಹೊರಡುವುದು ಅಲ್ಲಿಂದಲೇ. ಸರದಿ ಬಂದವರು ಕವಡೆಗಳನ್ನು ಅಂಗೈಯಲ್ಲಿ ಕುಲುಕಿ ಚೆಲ್ಲುತ್ತಾರೆ. ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು ಮನೆ ನಡೆ. ನಾಲ್ಕೂ ಮೇಲಾದರೆ ಚೌಕ, ಅಂದರೆ 4. ನಾಲ್ಕೂ ಮಗುಚಿ ಬಿದ್ದರೆ ಬಾರ, 8. ಚೌಕ ಅಥವಾ ಬಾರ ಬಿದ್ದವರಿಗೆ ಇನ್ನೊಂದು ಸಲ ಹಾಕುವ ಅವಕಾಶ.

ಕಾಯಿ ಮೊದಲು ಹೊರಸುತ್ತಿನಲ್ಲಿ ಬಲಕ್ಕೆ ಹೊರಟು, ಗಡಿಯಾರದ ಮುಳ್ಳಿಗೆ ಎದುರಾಗಿ ನಡೆಯುತ್ತದೆ. ತನ್ನ ಮನೆಯ ಹಿಂದಿನ ಮನೆ ತಲುಪಿದ ಮೇಲೆ ಒಳಸುತ್ತಿಗೆ ತಿರುಗಿ, ಅಲ್ಲಿ ಮುಳ್ಳಿನ ದಿಕ್ಕಿನಲ್ಲೇ ನಡೆದು ನಟ್ಟನಡುವಿನ ಮನೆ ಸೇರುತ್ತದೆ. ಒಟ್ಟು 24 ಹೆಜ್ಜೆ. ಚೌಕದ ಯಾವ ಮನೆಯನ್ನೂ ಬಿಡುವಂತಿಲ್ಲ, ಯಾವ ಮನೆಯನ್ನೂ ಎರಡು ಸಲ ತುಳಿಯುವಂತಿಲ್ಲ. ನಡುಮನೆ ಸೇರಲು ಬೇಕಾದಷ್ಟೇ ಲೆಕ್ಕ ಬೀಳಬೇಕು. ಸೇರಿದ ಕಾಯಿ ‘ಹಣ್ಣಾಯಿತು’ ಎನ್ನುತ್ತಾರೆ. ನಾಲ್ಕೂ ಕಾಯಿ ಮೊದಲು ಹಣ್ಣು ಮಾಡಿದವರು ಗೆದ್ದಂತೆ.

ದಾರಿಯಲ್ಲಿ ಇನ್ನೊಬ್ಬರ ಕಾಯಿ ಇರುವ ಮನೆಗೆ ನಮ್ಮ ಕಾಯಿ ಬಂದರೆ ಅದನ್ನು ಹೊಡೆಯಬಹುದು. ಹೊಡೆದವರಿಗೆ ಮತ್ತೊಂದು ಸರದಿ. ಗುರುತಿನ ಮನೆಯಲ್ಲಿರುವ ಕಾಯಿಯನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಒಂದಾದರೂ ಕಾಯಿ ಹೊಡೆಯದವರಿಗೆ ಒಳಸುತ್ತಿನ ಪ್ರವೇಶವಿಲ್ಲ. ಊರೂರಿಗೆ ನಿಯಮ ತುಸು ಬೇರೆಯಾಗುತ್ತದೆ. ಕುಳಿತವರೆಲ್ಲ ಮೊದಲೇ ಒಪ್ಪಿಕೊಂಡರೆ ಜಗಳವಿಲ್ಲ.

ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುವುದಾದರೆ ನಾಲ್ಕು ಕವಡೆ ಬೀಳುವ ಬಗೆ 16. ಅದರಲ್ಲಿ 2 ಬೀಳುವ ಬಗೆ 6. 1 ಮತ್ತು 3 ಬೀಳುವ ಬಗೆ ನಾಲ್ಕು ನಾಲ್ಕು. ಚೌಕಕ್ಕೂ ಬಾರಕ್ಕೂ ಒಂದೊಂದೇ. ಈ ಗಣಿತ ದಾದಿಮಾಗೆ ಗೊತ್ತಿರಲಿಲ್ಲ. ಆದರೂ ಎದುರಾಳಿಯ ಮುಂದೆ ಎರಡು ಮನೆ ದೂರದಲ್ಲಿ ಅವರು ಎಂದೂ ಕಾಯಿ ನಿಲ್ಲಿಸುತ್ತಿರಲಿಲ್ಲ! ಬೀಳುವುದು ತಕ್ದೀರ್, ನಾಲ್ಕರಲ್ಲಿ ಯಾವ ಕಾಯಿ ನಡೆಸಬೇಕೆಂಬುದು ತದ್ಬೀರ್. ಎರಡನ್ನೂ ಬೇರೆ ಮಾಡಿ ನೋಡುವುದನ್ನು ನಾವು ಮೊದಲು ಕಲಿತದ್ದು ಆ ಪಡಸಾಲೆಯಲ್ಲಿ.

ಮುಸ್ಲಿಮರ ಮನೆಯಲ್ಲಿ ಕವಡೆ ಆಟವೇ ಎಂದು ಕೆಲವು ಓದುಗರು ಹುಬ್ಬೇರಿಸಬಹುದು. ಆ ಪ್ರಶ್ನೆ ನಮ್ಮ ಮನೆಯಲ್ಲೂ ಎದ್ದಿತ್ತು. ಪವಿತ್ರ ಕುರ್‌ಆನ್‌ನ ಅಲ್ ಮಾಇದ ಅಧ್ಯಾಯದ 90ನೇ ವಚನ ಮದ್ಯದ ಜೊತೆಗೇ ಜೂಜನ್ನು ನಿಷೇಧಿಸಿದೆ. ದಾಳದಾಟವನ್ನು ಕಟುವಾಗಿ ಖಂಡಿಸುವ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಪಣವಿಲ್ಲದಿದ್ದರೂ ದಾಳ ಕೂಡದೆಂಬುದು ಬಹಳಷ್ಟು ಉಲಮಾಗಳ ಅಭಿಪ್ರಾಯ. ದೋಷವಿರುವುದು ಪಣದಲ್ಲಿ ಎಂದವರೂ ಇದ್ದಾರೆ. ನಾವು ಫತ್ವಾ ಕೊಡುವವರಲ್ಲ. ದಾದಿಮಾ ಹಾಕಿದ್ದ ಕಟ್ಟಳೆಯನ್ನಷ್ಟೇ ಹೇಳುತ್ತೇವೆ. ಪಣವೆಂದು ಒಂದು ಪೆಪ್ಪರಮೆಂಟನ್ನೂ ಇಡಬಾರದು. ಆಣೆ ಹಾಕಬಾರದು. ಅಜಾನ್ ಕೇಳಿದರೆ, ಕೈಯಲ್ಲಿ ಬಾರ ಬಿದ್ದಿದ್ದರೂ ಸರಿ, ಕವಡೆ ಬಿಟ್ಟು ಏಳಬೇಕು.

ನಾಲ್ಕನೆಯವರಾಗಿ ಆಡಲು ಬರುತ್ತಿದ್ದ ಪಕ್ಕದ ಮನೆಯ ಅಜ್ಜಿಗೂ ಈ ಕಟ್ಟಳೆ ಒಪ್ಪಿಗೆಯಾಗಿತ್ತು. ರಾಜ್ಯವನ್ನೂ ತಮ್ಮಂದಿರನ್ನೂ ಹೆಂಡತಿಯನ್ನೂ ಪಣಕ್ಕಿಟ್ಟ ಧರ್ಮರಾಯನ ಕಥೆ ಅವರಿಗೆ ಬಾಯಿಪಾಠ. ಇಬ್ಬರು ಮುದುಕಿಯರ ಎಚ್ಚರಿಕೆಗೂ ಮೂಲ ಬೇರೆ ಬೇರೆ, ಹೇಳುತ್ತಿದ್ದ ಮಾತು ಒಂದೇ.

ಆ ಎಚ್ಚರಿಕೆಯ ಬೆಲೆ ನಮಗೆ ತಿಳಿದದ್ದು ತಡವಾಗಿ. ನಮ್ಮ ಬಂಧುಗಳ ಮನೆಯ ಹುಡುಗನೊಬ್ಬ ಮೊಬೈಲಿನಲ್ಲಿ ಹಣ ಕಟ್ಟಿ ಲೂಡೋ ಆಡಿ ಮೂರು ತಿಂಗಳ ಸಂಬಳ ಕಳೆದುಕೊಂಡ. ಈ ಲೂಡೋ ಬೇರೇನೂ ಅಲ್ಲ. ನಮ್ಮದೇ ಪಚ್ಚೀಸಿಯ ಕವಡೆ ತೆಗೆದು ದಾಳ ಇಟ್ಟು, ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಆಟ. “ಮಕ್ಕಳ ಆಟವಲ್ಲವೇ ಖಾಲಾ, ಏನಾಗುತ್ತದೆ ಎಂದುಕೊಂಡೆ” ಎಂದು ಅವನು ಹೇಳಿದ್ದು ಸುಳ್ಳಲ್ಲ. ಎದುರಾಳಿಯ ಮುಖ ಅವನು ಕಂಡಿರಲಿಲ್ಲ. ಸಾಕು, ಏಳು ಎನ್ನುವ ಹಿರಿಯರು ಪಕ್ಕದಲ್ಲಿರಲಿಲ್ಲ. ಸೋತ ಮೇಲೆ ಹದಿನೈದು ದಿನ ಅವನು ಮನೆಗೇ ಬರಲಿಲ್ಲ. ಅವನ ಅಮ್ಮಿ ಆ ದಿನಗಳನ್ನು ಹೇಗೆ ಕಳೆದರೆಂಬುದನ್ನು ಬರೆಯಲು ನಮಗೆ ಮನಸ್ಸು ಬಾರದು.

2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನಿಗೆ ಸಂಸತ್ತು ಒಪ್ಪಿಗೆ ನೀಡಿತು. ಒಳ್ಳೆಯದೇ ಆಯಿತು. ಆದರೆ ಒಂಟಿಯಾಗಿ ಕೂತ ಮಕ್ಕಳ ಪಕ್ಕ ಯಾರು ಕೂರಬೇಕೆಂದು ಕಾನೂನು ಹೇಳುವುದಿಲ್ಲ. ಅದು ಮನೆಯವರ ಕೆಲಸ. ಚೌಕಾಬಾರದಲ್ಲಿ ಹೊಡೆತ ತಿಂದ ಕಾಯಿ ಆಟದಿಂದ ಹೊರಗೆ ಹೋಗುವುದಿಲ್ಲ. ತನ್ನ ಮನೆಗೆ ಹೋಗುತ್ತದೆ, ಅಲ್ಲಿಂದ ಮತ್ತೆ ಹೊರಡುತ್ತದೆ. ಸೋತವರಿಗೆ ಮರಳಲು ಮನೆಯೊಂದಿದೆ ಎಂಬುದನ್ನು ನಮ್ಮ ಮಕ್ಕಳಿಗೆ ಆಟದಲ್ಲಾದರೂ ತೋರಿಸಬೇಡವೇ?

ಕಳೆದ ಈದ್‌ನ ಮರುದಿನ ನಾವು ಪಡಸಾಲೆಯಲ್ಲಿ ಚೌಕ ಬರೆದಾಗ ಆ ಹುಡುಗನೂ ಬಂದು ಕುಳಿತ. ಅವನ ಕಾಯಿ ಎರಡು ಸಲ ಹೊಡೆತ ತಿಂದಿತು. ಕೊನೆಗೆ ಸೋತ. ಎದ್ದು ಕೈ ತೊಳೆದುಕೊಂಡು, ನಮ್ಮೆಲ್ಲರ ಜೊತೆ ಊಟಕ್ಕೆ ಕುಳಿತ.