ಅವ್ವನ ಬ್ಯಾನಿ, ನನ್ನ ಮರಾಠಿ

ಜಂಗಲಿ ಮಹಾರಾಜ ರಸ್ತೆಯಲ್ಲಿ ಪಾತಾಳೇಶ್ವರ ಗುಡಿ ಇದೆಯಲ್ಲ, ಬಂಡೆ ಕೊರೆದು ಮಾಡಿದ್ದು, ನಮ್ಮ ರಾಷ್ಟ್ರಕೂಟರ ಕಾಲದ್ದು... ಅವ್ವ ಧಾರವಾಡದಿಂದ ಬಂದಾಗಲೆಲ್ಲ ಅಲ್ಲಿಗೆ ಹೋಗಲೇಬೇಕು. ಶಿವಾಜಿನಗರದ ನಮ್ಮ ಮನೆಯಿಂದ ನಡೆದು ಹೋಗುವಷ್ಟೇ ದೂರ. 2017ರ ಒಂದು ಸೋಮವಾರ ಸಂಜೆ ಹೋಗಿ ಬರುವಾಗ ದಾರಿಯಲ್ಲೇ ಕೂತುಬಿಟ್ಟಳು. ಮೈಯೆಲ್ಲ ಬೆವರು.

"ಏನಾತಬೇ?"

"ಏನಿಲ್ಲೋ, ಗ್ಯಾಸ್ ಆಗಿರಬೇಕು. ಒಂದು ಸೋಡಾ ತಗೊಂಡ ಬಾ."

ಮೂರು ವರ್ಷದ ಹಿಂದೆ ಆಂಜಿಯೋಪ್ಲಾಸ್ಟಿ ಮಾಡಿ ಅವಳಿಗೆ ಸ್ಟೆಂಟ್ ಹಾಕಿದ್ದರು. ಸ್ಟೆಂಟ್ ಇದೆಯಲ್ಲ, ಇನ್ನೇನೂ ಆಗಲ್ಲ ಅಂತ ನಾವೆಲ್ಲ ನಿಶ್ಚಿಂತರಾಗಿದ್ದೆವು! ಆದರೂ ಯಾಕೋ ಹೆದರಿಕೆಯಾಗಿ, ಸೋಡಾ ಬಿಟ್ಟು ಆಟೋ ಹಿಡಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಆಜೀ, ಛಾತೀತ ದುಖತಂಯ ಕಾ?" ನಾನು ಅವ್ವನಿಗೆ ಕನ್ನಡದಲ್ಲಿ ಕೇಳಿದೆ. ಅವಳೆಂದಳು, "ಬ್ಯಾನಿ ಏನಿಲ್ಲ. ಎದಿ ಬಿಗದಂಗ ಆಗೇತಿ, ಜೀವ ಸಂಕಟ ಆಗಾಕತ್ತೇತಿ."

ಇಪ್ಪತ್ತು ವರ್ಷ ಪುಣೆಯಲ್ಲಿದ್ದ ನಾನು ಜಾಣನ ಹಾಗೆ ಉತ್ತರ ಕೊಟ್ಟೆ: "ದುಖತ ನಾಹೀ." ಅಷ್ಟೇ! ಉಳಿದ ಮಾತನ್ನು ನುಂಗಿಬಿಟ್ಟಿದ್ದೆ.

ಇಸಿಜಿಯಲ್ಲೂ ವಿಶೇಷವೇನೂ ಕಾಣಲಿಲ್ಲ. ಅಷ್ಟರಲ್ಲಿ ಬಿಪಿ ನೋಡುತ್ತಿದ್ದ ನರ್ಸಮ್ಮ, ಅಕ್ಕಲಕೋಟೆ ಕಡೆಯವರು, ತಿರುಗಿ ಕೇಳಿದರು: "ಆಯಿ, ಏನಂದ್ರಿ? ಎದಿ ಬಿಗದಂಗಾ?" ಅವರೇ ಹೋಗಿ ಡಾಕ್ಟರಿಗೆ ಹೇಳಿದರು. ಮನೆಗೆ ಕಳಿಸುವ ಮಾತು ಅಲ್ಲಿಗೇ ನಿಂತಿತು. ಟ್ರೋಪೋನಿನ್ ಅಂತ ರಕ್ತಪರೀಕ್ಷೆ ಮಾಡಿದರು. ಮೊದಲ ಸಲ ಸ್ವಲ್ಪವೇ ಜಾಸ್ತಿ. ಮೂರು ತಾಸಿನ ನಂತರ ಮತ್ತೆ ಮಾಡಿದಾಗ ಎಷ್ಟೋ ಪಟ್ಟು ಏರಿತ್ತು. ಹಾರ್ಟ್ ಅಟ್ಯಾಕ್!

ಮರುದಿನ ಆಂಜಿಯೋಗ್ರಫಿಯಲ್ಲಿ ನೋಡಿದರೆ ಹಳೆಯ ಸ್ಟೆಂಟ್ ಚೆನ್ನಾಗಿಯೇ ಇತ್ತು. ತೊಂದರೆ ಬೇರೆ ರಕ್ತನಾಳದಲ್ಲಿ. ಡಾಕ್ಟರು ಸಮಾಧಾನದಿಂದ ತಿಳಿಸಿ ಹೇಳಿದರು. ಸ್ಟೆಂಟ್ ಒಂದು ಜಾಗವನ್ನಷ್ಟೇ ತೆರೆದಿಡುತ್ತದೆ, ಕಾಯಿಲೆ ಎಲ್ಲ ರಕ್ತನಾಳಗಳದ್ದು. ಒಳಗೋಡೆಯಲ್ಲಿ ಕೂತ ಕೊಬ್ಬು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ಅಟ್ಯಾಕ್. ಅಷ್ಟೇನೂ ಕಿರಿದಾಗಿರದ ಕಡೆಯೂ ಹೀಗಾಗಬಹುದಂತೆ. ಟ್ರೋಪೋನಿನ್ ಹೃದಯದ ಸ್ನಾಯುವಿನೊಳಗಿನ ಪ್ರೋಟೀನು. ಸ್ನಾಯು ಸಾಯತೊಡಗಿದಾಗ ರಕ್ತಕ್ಕೆ ಸೋರುತ್ತದೆ, ಆದರೆ ಏರಲು ಸಮಯ ಬೇಕು. ಕಿಡ್ನಿ ಕಾಯಿಲೆಯಂಥ ಕಾರಣಕ್ಕೂ ಅದು ಜಾಸ್ತಿ ಇರಬಹುದು. ಅದಕ್ಕೇ ಒಂದು ಇಸಿಜಿ, ಒಂದು ರಕ್ತಪರೀಕ್ಷೆ ನಂಬಿ ಕೂರುವಂತಿಲ್ಲ. ಎರಡು ಪರೀಕ್ಷೆಗಳ ನಡುವೆ ಎಷ್ಟು ಬದಲಾಯಿತು ಅಂತ ನೋಡಬೇಕು, ರೋಗಿ ಹೇಳಿದ್ದನ್ನೂ ಕೇಳಬೇಕು.

ಆ 'ಹೇಳಿದ್ದು' ಎಂಬಲ್ಲೇ ನಾನು ಎಡವಿದ್ದೆ. ಆಮೇಲೆ ಓದಿ ತಿಳಿದೆ: 1772ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ ಈ ತೊಂದರೆಯ ಬಗ್ಗೆ ಪ್ರಕಟಿಸಿದಾಗ ಇಟ್ಟ ಹೆಸರು ಆಂಜೈನಾ. ಉಸಿರು ಕಟ್ಟಿಸುವಂಥ ಬಿಗಿತ ಅಂತ ಅದರ ಅರ್ಥ. ನಮ್ಮವ್ವ ಅದನ್ನೇ ಹೇಳಿದ್ದಳಲ್ಲ! ಕೆಲವರಿಗೆ, ಅದರಲ್ಲೂ ಹೆಂಗಸರಿಗೆ, ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ, ನೋವೇ ಇಲ್ಲದೆ ಬೆವರು, ಏದುಸಿರು, ವಾಕರಿಕೆ ಅಷ್ಟೇ ಇರಬಹುದು.

ಅವ್ವ ಈಗ ಧಾರವಾಡದಲ್ಲಿ ಆರಾಮಾಗಿದ್ದಾಳೆ. ಅವಳ ಹಳೆಯ ಇಸಿಜಿಯ ಫೋಟೋ ನನ್ನ ಮೊಬೈಲಿನಲ್ಲಿದೆ, ಹೊಸದರ ಜೊತೆ ಹೋಲಿಸಿ ನೋಡಲಿಕ್ಕೆ ಬೇಕಾಗುತ್ತದೆ. 108 ಅಲ್ಲೂ ಅದೇ, ಇಲ್ಲೂ ಅದೇ. ಊರಿಂದ ಬಂದ ಹಿರಿಯರ ಜೊತೆ ನೀವೂ ಆಸ್ಪತ್ರೆಗೆ ಹೋಗುತ್ತೀರಿ. ಅವರು ಹೇಳಿದ್ದನ್ನು ಅರ್ಧಕ್ಕೆ ಕತ್ತರಿಸಬೇಡಿ. ಸರಿಯಾದ ಶಬ್ದ ಸಿಗದಿದ್ದರೆ ಕೈಯನ್ನು ಎದೆಯ ಮೇಲೆ ಮುಷ್ಟಿ ಹಿಡಿದು ತೋರಿಸಿ. ಡಾಕ್ಟರಿಗೆ ತಿಳಿಯುತ್ತದೆ.