ಬಾನೆಟ್ಟಿನ ಕೆಳಗಿನ ಪಾಠ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಚಾಲಕರು ತಿಳಿಸಿದಾಗ ನನಗೆ ಮೊದಲು ನೆನಪಾದುದು ತರಗತಿಯ ಕೋಣೆಯಲ್ಲ. ಶಾಲೆಯ ಅಂಗಳದಲ್ಲಿ ಬಾನೆಟ್ ತೆರೆದು ನಿಂತಿದ್ದ ತಂದೆಯವರ ಅಂಬಾಸಿಡರ್ ಕಾರು.

ತಂದೆಯವರು ಕುಂಬಳೆ ಪೇಟೆಯಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ 1957ರಲ್ಲಿ ಬಂದ ಅಂಬಾಸಿಡರ್, 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ತನ್ನ ದುಂಡನೆಯ ರೂಪವನ್ನು ಹೆಚ್ಚುಕಡಿಮೆ ಉಳಿಸಿಕೊಂಡಿತ್ತು. ನಮ್ಮ ಕಾರಿನಲ್ಲಿ ಗೇರಿನ ಹಿಡಿ ಸ್ಟೇರಿಂಗಿನ ಬಳಿಯೇ ಇತ್ತು. ಬೆಳಗಿನ ಜಾವ ಚೋಕ್ ಎಳೆಯಬೇಕು. ಬ್ಯಾಟರಿ ಸೋತ ದಿನ ಮುಂಭಾಗದಲ್ಲಿ ಹ್ಯಾಂಡಲ್ ತೂರಿಸಿ ತಿರುಗಿಸಬೇಕು.

ನಾವು ಏಳನೆಯ ತರಗತಿಯಲ್ಲಿದ್ದಾಗ ವಿಜ್ಞಾನದ ಮಾಸ್ತರರು ತಂದೆಯವರನ್ನು ಕಾರಿನೊಂದಿಗೆ ಶಾಲೆಗೆ ಕರೆಸಿದರು. ತಂದೆಯವರು ಐದನೆಯ ತರಗತಿಗೇ ಓದು ಬಿಟ್ಟವರು. ಸಂಕೋಚದಿಂದಲೇ ಆರಂಭಿಸಿದರು. ಕಾರ್ಬುರೇಟರ್ ಎಂದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಪಾತ್ರೆ. ಡಿಸ್ಟ್ರಿಬ್ಯೂಟರ್ ಎಂದರೆ ನಾಲ್ಕು ಸಿಲಿಂಡರುಗಳಿಗೂ ಕಿಡಿಯನ್ನು ಹಂಚುವಂಥದ್ದು. “ಮದುವೆಯ ಊಟಕ್ಕೆ ಬಡಿಸುವವರ ಹಾಗೆ. ಸರದಿ ತಪ್ಪಬಾರದು, ಹೊತ್ತು ಮೀರಬಾರದು” ಎಂದರು. ಮಕ್ಕಳೆಲ್ಲ ನಕ್ಕರು, ಆದರೆ ಯಾರೂ ಮರೆಯಲಿಲ್ಲ. ಪಾಠ ಮುಗಿದ ಮೇಲೆ ಮಾಸ್ತರರು ತಮ್ಮ ಕುರ್ಚಿಯಲ್ಲೇ ಅವರನ್ನು ಕುಳ್ಳಿರಿಸಿದರು. ನನ್ನ ತಂದೆ ಕುರ್ಚಿಯಲ್ಲಿ ಕುಳಿತು, ಮಾಸ್ತರರು ನಿಂತಿದ್ದುದನ್ನು ನಾನು ಕಂಡದ್ದು ಅದೊಂದೇ ಸಲ.

ನಾನೀಗ ಓಡಿಸುವ ಕಾರಿನ ಬಾನೆಟ್ ತೆರೆದರೆ ಕಾಣುವುದು ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ. ಕಾರ್ಬುರೇಟರಿನ ಕೆಲಸವನ್ನು ಇಂಜೆಕ್ಟರುಗಳು ಮಾಡುತ್ತವೆ. ಎಷ್ಟು ಇಂಧನ, ಯಾವ ಕ್ಷಣದಲ್ಲಿ ಎಂಬುದನ್ನು ಪುಟ್ಟ ಗಣಕಯಂತ್ರವೊಂದು ನಿರ್ಧರಿಸುತ್ತದೆ. ಇಂಧನ ಉಳಿಯುತ್ತದೆ, ಹೊಗೆಯೂ ಕಡಿಮೆ. ಆದರೆ ಎಚ್ಚರಿಕೆಯ ದೀಪ ಹೊತ್ತಿಕೊಂಡರೆ, ವರ್ಕ್‌ಶಾಪಿನಲ್ಲಿ ಯಂತ್ರ ಜೋಡಿಸಿ ಓದಿ ಹೇಳುವವರೆಗೆ ನಾನು ಕೈಕಟ್ಟಿ ನಿಲ್ಲಬೇಕು.

ಹಾಗೆಂದು ಹಳೆಯದೆಲ್ಲವೂ ಹೊನ್ನು ಎನ್ನಲಾರೆ. ತಂದೆಯವರ ಹಣೆಯ ಮೇಲೆ ಉದ್ದನೆಯ ಗಾಯದ ಗುರುತಿದೆ. ಒಂದು ಮಳೆಗಾಲದ ಸಂಜೆ ಕರುವೊಂದು ರಸ್ತೆಗೆ ನುಗ್ಗಿದಾಗ ಅವರು ಬ್ರೇಕನ್ನು ಬಲವಾಗಿ ಒತ್ತಿದರು. ಚಕ್ರಗಳು ತಿರುಗುವುದನ್ನೇ ನಿಲ್ಲಿಸಿ, ಕಾರು ಜಾರಿ ಮಾವಿನ ಮರಕ್ಕೆ ಬಡಿಯಿತು. ಅದನ್ನು ತಡೆಯುವ ಸಾಧನ ಆ ಕಾಲದ ನಮ್ಮ ಊರಿನ ಯಾವ ಕಾರಿನಲ್ಲೂ ಇರಲಿಲ್ಲ. ಸೀಟು ಬೆಲ್ಟನ್ನು ನಾವು ಕಂಡೇ ಇರಲಿಲ್ಲ. ಎರಡು ತಿಂಗಳು ದುಡಿಮೆಯಿಲ್ಲದೆ ಮನೆ ನಡೆದ ಬಗೆಯನ್ನು ಅಮ್ಮನೇ ಬಲ್ಲಳು.

ಕಳೆದ ಮಳೆಗಾಲದಲ್ಲಿ ತಂದೆಯವರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಮಂಗಳೂರಿಗೆ ಹೊರಟಿದ್ದಾಗ ಬೈಕೊಂದು ಥಟ್ಟನೆ ಅಡ್ಡ ಬಂತು. ಬ್ರೇಕ್ ಒತ್ತಿದೆ. ಪಾದದ ಕೆಳಗೆ ಪೆಡಲ್ ನಡುಗಿತು. ಚಕ್ರಗಳು ಕಚ್ಚಿ ನಿಲ್ಲಲಿಲ್ಲ, ಸ್ಟೇರಿಂಗ್ ಮಾತು ಕೇಳಿತು, ಕಾರು ಬದಿಗೆ ಸರಿದು ನಿಂತಿತು. 2019ರಿಂದ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾದ ಎಬಿಎಸ್ ಎಂಬ ವ್ಯವಸ್ಥೆಯ ಗುಣವಿದು.

ತಂದೆಯವರು ತುಸು ಹೊತ್ತು ಸುಮ್ಮನಿದ್ದು, ಹಣೆ ಸವರಿಕೊಂಡರು. “ಒಳ್ಳೆಯ ಗಾಡಿ ಮಗಾ” ಎಂದರು. ಆಮೇಲೆ, “ಅದು ಹೇಗೆ ನಿಂತಿತು?” ಎಂದು ಕೇಳಿದರು. ಚಕ್ರವನ್ನು ಕ್ಷಣ ಹಿಡಿದು, ಕ್ಷಣ ಬಿಟ್ಟು ನಿಲ್ಲಿಸುತ್ತದೆಂದು ನನಗೆ ತಿಳಿದಷ್ಟನ್ನು ಕನ್ನಡದಲ್ಲಿ ವಿವರಿಸಿದೆ. ಆ ಹೊತ್ತಿಗೆ ನಾನು ಅಧ್ಯಾಪಕ, ಅವರು ವಿದ್ಯಾರ್ಥಿ.

ಕಾರುಗಳು ಬದಲಾಗಲಿ. ಮುಚ್ಚಳ ತೆರೆದು, ತಮ್ಮ ಮಾತಿನಲ್ಲೇ “ಇದು ಹೇಗೆ?” ಎಂದು ಕೇಳುವ ಮಕ್ಕಳು ನಮ್ಮ ಶಾಲೆಯ ಅಂಗಳದಲ್ಲಿ ಎಂದೆಂದೂ ಇರಲಿ.